ಹೊಸ ಬಾಡಿಯೋ, ಇನ್ನೊಂದು ಲೆನ್ಸೋ?

ಸದ್ಯ ಬಾಡಿ ಬಿಡಿ, ಲೆನ್ಸ್ ಕೊಳ್ಳಿ. ನಿಮ್ಮ ಕ್ಯಾನನ್ 1500ಡಿಯಲ್ಲಿ 24 ಮೆಗಾಪಿಕ್ಸೆಲ್ ಇದೆ. ಮನೋಳಿಯ ಪಂಚಲಿಂಗೇಶ್ವರ ಗುಡಿಯೊಳಗೆ ಫೋಟೊ ಅಲುಗಿ ಬರುವುದು ಬಾಡಿಯ ತಪ್ಪಲ್ಲ. 18-55 ಕಿಟ್ ಲೆನ್ಸನ್ನು ಜೂಮ್ ಮಾಡಿದರೆ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂ.ಎಂ. ಎಫ್/1.8 ಲೆನ್ಸ್ ಅದರ 9 ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಅದೇ ಐಎಸ್ಒದಲ್ಲಿ 1/15 ಸೆಕೆಂಡ್ ಬೇಕಿದ್ದ ಕಡೆ 1/125 ಸಾಕು, ಕೈನಡುಕ ಕಾಣುವುದಿಲ್ಲ. ತೂಕವೋ, ಬರೀ 160 ಗ್ರಾಂ.

ಒಂದು ಇಕ್ಕಟ್ಟಿದೆ. ನಿಮ್ಮ ಕ್ಯಾಮೆರಾದಲ್ಲಿ ಅದು 80 ಎಂ.ಎಂ. ನೋಟ ಕೊಡುತ್ತದೆ. ಕಂಬದ ಕೆತ್ತನೆಗೆ, ಮುಖಗಳಿಗೆ ಚೆಂದ. ಇಡೀ ಗುಡಿ ಹಿಡಿಯಲು ಕಿಟ್ ಲೆನ್ಸೇ ಗತಿ.

ಫುಲ್ ಫ್ರೇಮ್ ಡಿಎಸ್ಎಲ್ಆರ್ ಆಸೆ ಬರೆದಿದ್ದೀರಿ. ಈಗಿನ 18-55 ಅದಕ್ಕೆ ಕೂಡುವುದೇ ಇಲ್ಲ. ಬಾಡಿಯ ಜೊತೆ ಲೆನ್ಸಿಗೂ ದುಡ್ಡು ಸುರಿಯಬೇಕು. ಅಂಗಡಿಯವರು ಇದನ್ನು ಮೊದಲೇ ಹೇಳುವುದು ಅಪರೂಪ! 50 ಎಂ.ಎಂ. ಮಾತ್ರ ಎರಡಕ್ಕೂ ನಡೆಯುತ್ತದೆ.

ಮದುವೆ ಆರ್ಡರ್ ಹಿಡಿಯುವವರಾದರೆ ಲೆಕ್ಕ ಬೇರೆ. 1500ಡಿಗೆ ಒಂದೇ ಕಾರ್ಡ್ ಜಾಗ. ಕಾರ್ಡ್ ಕೈಕೊಟ್ಟರೆ ಅಕ್ಕಿಕಾಳನ್ನು ಮತ್ತೆ ಹಾಕಿಸಲಾಗದು. ಆಗ ಎರಡು ಕಾರ್ಡಿನ ಬಾಡಿಗೇ ಮೊದಲ ಮಣೆ.

ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಮಾತ್ರ ಭಂಡಾರ ಹಾರುವಲ್ಲಿ ಲೆನ್ಸ್ ಬದಲಿಸಬೇಡಿ. ಒಳಗೆ ಹೊಕ್ಕ ಅರಿಸಿನಪುಡಿ ಸೆನ್ಸರ್ ಮೇಲೆ ಕೂತರೆ ಪ್ರತಿ ಫೋಟೊದ ಆಕಾಶದಲ್ಲೂ ಕಲೆ.