ನೀರಿನ ಲೆಕ್ಕ, ಅಕ್ಕಿಯ ಲೆಕ್ಕ



2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮಲೆನಾಡಿಗೆಂಥ ಬರವೆಂದು ನಗುತ್ತಿದ್ದವರು 2024ರ ಮಾರ್ಚಿಯಲ್ಲಿ ಕೆರೆಯ ತಳ ಕಂಡರು. ನಗುತ್ತಿದ್ದವರಲ್ಲಿ ನಾವೂ ಸೇರಿದ್ದೆವು.

ಮೊದಲು ಕಾಫಿಯ ಮಾತು. ಒಂದು ಎಕರೆಗೆ ಒಂದು ಅಂಗುಲ ನೀರು ಸ್ಪ್ರಿಂಕ್ಲರಿನಲ್ಲಿ ಕೊಡಲು ಒಂದು ಲಕ್ಷ ಲೀಟರಿಗೂ ಹೆಚ್ಚು ಬೇಕು. ಹೂಮಳೆ ಬಾರದ ಆ ವರ್ಷ ನಾವು ಇದ್ದ ನೀರನ್ನು ಮೂರು ಎಕರೆ ರೊಬಸ್ಟಾಕ್ಕೆ ಅರ್ಧ ಅಂಗುಲದಂತೆ ಹಂಚಿದೆವು. ಮೊಗ್ಗು ಪೂರ್ತಿ ಅರಳದೆ ನಕ್ಷತ್ರದಂತೆ ಬಿರಿದು ನಿಂತಿತು, ಕಾಯಿ ಕಚ್ಚಲಿಲ್ಲ. ಒಂದೂವರೆ ಎಕರೆಗೆ ಪೂರ್ತಿ ಕೊಟ್ಟಿದ್ದರೆ ಅಷ್ಟಾದರೂ ಕೈಗೆ ಬರುತ್ತಿತ್ತು. ಮೂರು ವಾರದ ನಂತರದ ಬ್ಯಾಕಿಂಗಿಗೆ ನೀರು ಸಾಲದೆಂದು ಕಂಡರೆ ಎಕರೆಯನ್ನು ಇನ್ನೂ ಇಳಿಸಬೇಕು. ಮನಸ್ಸಿಗೆ ಕಷ್ಟ, ನಿಜ.

ಅಡಿಕೆ ಎಕರೆಗೆ 550 ಮರವೆಂದಿಟ್ಟುಕೊಳ್ಳೋಣ. ನಾಲ್ಕು ದಿನಕ್ಕೊಮ್ಮೆ ಬುಡಕ್ಕೆ 175 ಲೀಟರ್ ಹಾಯಿಸಿದರೆ ದಿನಕ್ಕೆ ಸರಾಸರಿ 24,000 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೂ 11,000 ಸಾಕು. ಬುಡಕ್ಕೆ ಸೋಗೆ, ದರಗು ಮುಚ್ಚುವುದು ನೆಲದಲ್ಲಿ ಪಸೆ ಇರುವ ನವೆಂಬರಿನಲ್ಲಿ; ಫೆಬ್ರವರಿಯಲ್ಲಿ ಒಣನೆಲಕ್ಕೆ ಹೊದಿಕೆ ಹಾಕಿ ಪ್ರಯೋಜನ ಕಡಿಮೆ. ಸೋಗೆ ಗುಡ್ಡೆ ಹಾಕಿ ಸುಡುವವರಿಗೆ ಏನು ಹೇಳೋಣ?

ಇನ್ನು ಊಟದ ವಿಷಯ. ಇದು ಕೆಲವರಿಗೆ ರುಚಿಸಲಿಕ್ಕಿಲ್ಲ. ದರ ನೋಡಿ ಗದ್ದೆಗೆಲ್ಲ ಅಡಿಕೆ ಸಸಿ ಇಟ್ಟೆವು. ಐದಾರು ವರ್ಷ ಫಸಲಿಲ್ಲದ ಸಸಿ ಬೇಸಿಗೆಯ ನೀರನ್ನು ಮಾತ್ರ ಕುಡಿಯುತ್ತದೆ. ಬರದ ವರ್ಷ ತೋಟದ ಹಣವೂ ಇಲ್ಲ, ಕಣಜದಲ್ಲಿ ಭತ್ತವೂ ಇಲ್ಲ. ನಮ್ಮ ಮನೆಗೂ ಈಗ ಅಂಗಡಿಯ ಅಕ್ಕಿಯೇ ಬರುತ್ತಿದೆ. ಆದ್ದರಿಂದ ಉಳಿದಿರುವ ಗದ್ದೆಯನ್ನು, ಅರ್ಧ ಎಕರೆಯಾದರೂ ಸರಿ, ಗದ್ದೆಯಾಗಿಯೇ ಬಿಡಿ. ಮಕ್ಕಿಗದ್ದೆಯಲ್ಲಿ ನಾಟಿಗೆ ನೀರು ನಿಲ್ಲದಿದ್ದರೆ ಪಾಳು ಬಿಡದೆ ರಾಗಿ ಹಾಕಬಹುದು. ಅದಕ್ಕೆ ನಿಂತ ನೀರು ಬೇಡ. ಅಡಿಕೆಯ ನಡುವೆ ಮೊದಲ ಮಳೆಗೆ ಸುವರ್ಣಗೆಡ್ಡೆ ನೆಟ್ಟರೆ ಎಂಟೊಂಬತ್ತು ತಿಂಗಳಿಗೆ ಕೀಳಬಹುದು, ಒಣಜಾಗದಲ್ಲಿ ಇಟ್ಟುಕೊಂಡು ಉಣ್ಣಬಹುದು.

ಕೆರೆಯ ಉದ್ದ, ಅಗಲ, ನೀರಿನ ಆಳವನ್ನು ಅಡಿಗಳಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಸುಮಾರು ಎಷ್ಟು ಲೀಟರೆಂಬುದು ಸಿಗುತ್ತದೆ. ದಡ ಇಳಿಜಾರಾಗಿದ್ದರೆ ಅದರಲ್ಲಿ ಕಾಲುಭಾಗ ಬಿಟ್ಟೇ ಲೆಕ್ಕ ಹಿಡಿಯಿರಿ. ಡಿಸೆಂಬರಿನೊಳಗೆ ಈ ಅಳತೆಯನ್ನು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಂದರೆ, ಯಾವ ತೋಟಕ್ಕೆ ಎಷ್ಟು ನೀರೆಂದು ಜೊತೆಗೆ ಕುಳಿತು ನೋಡೋಣ.