ಮೆಲ್ಲಗೆ ಬರುವ ದೈತ್ಯ: ಪೈಪ್ ಆರ್ಗನ್ ಕೇಳುವುದು ಹೇಗೆ?



ನಮ್ಮ ಕೂಟದಲ್ಲಿ ಕರ್ನಾಟಕ ಸಂಗೀತ, ಭಾವಗೀತೆ ಅಂದರೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಬಾಸ್ಟನ್ ಸುತ್ತಮುತ್ತ ಇಷ್ಟು ವರ್ಷ ಇದ್ದೂ, ಇದೇ ಊರಿನ ಸಿಂಫನಿ ಹಾಲ್‌ನಲ್ಲಿ ತಯಾರಾಗಿ ಜಗತ್ತಿನ ಸಂಗೀತಪ್ರಿಯರು ಇಂದಿಗೂ ಕೇಳುವ ಒಂದು ಧ್ವನಿಮುದ್ರಣ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಸಂಗೀತ ವಿದ್ವಾಂಸನಲ್ಲ. ಲೈಬ್ರರಿಯಿಂದ ತಂದ ಒಂದು ಸಿ.ಡಿ.ಯನ್ನು ಹತ್ತಾರು ಸಲ ಕೇಳಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ, ಅಷ್ಟೆ.

ಕೃತಿ ಫ್ರಾನ್ಸಿನ ಕಮೀಲ್ ಸಾಂ-ಸಾನ್ಸ್ ಅವರ ಮೂರನೆಯ ಸಿಂಫನಿ. ‘ಆರ್ಗನ್ ಸಿಂಫನಿ’ ಎಂದೇ ಪ್ರಸಿದ್ಧ. 1886ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ನುಡಿಸಿದಾಗ ನಿರ್ದೇಶಿಸಿದವರು ಸ್ವತಃ ಅವರೇ. ಪ್ಯಾರಿಸ್ಸಿನ ಮ್ಯಾಡ್ಲೆನ್ ಚರ್ಚಿನಲ್ಲಿ ಸುಮಾರು ಇಪ್ಪತ್ತು ವರ್ಷ ಆರ್ಗನ್ ನುಡಿಸಿದ್ದವರು ಅವರು. ನಾನು ಹೇಳುತ್ತಿರುವ ಧ್ವನಿಮುದ್ರಣ ಆರ್.ಸಿ.ಎ. ಕಂಪನಿಯದು, 1959ರದ್ದು. ನುಡಿಸಿದವರು ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ, ನಿರ್ದೇಶಕರು ಶಾರ್ಲ್ ಮ್ಯುಂಶ್, ಆರ್ಗನ್ ಬರ್ಜ್ ಜಾಮ್ಕೋಚಿಯನ್. ಮ್ಯುಂಶ್ ಅವರ ತಂದೆಯೂ ಆರ್ಗನ್ ವಾದಕರು, ಸ್ಟ್ರಾಸ್‌ಬೂರ್ಗ್ ಊರಿನವರು.

ಪಾಠ 1: ವಾದ್ಯ ಯಾವುದು?

ಆರ್ಗನ್ ಅಂದ ಕೂಡಲೆ ನಮಗೆ ಹಾರ್ಮೋನಿಯಂ ನೆನಪಾಗುತ್ತದೆ. ಎರಡಕ್ಕೂ ಗಾಳಿಯೇ ಜೀವ. ಆದರೆ ಹಾರ್ಮೋನಿಯಂನಲ್ಲಿ ನಾದ ಹುಟ್ಟುವುದು ಲೋಹದ ಪುಟ್ಟ ನಾಲಿಗೆಗಳಿಂದ (ರೀಡ್). ಪೈಪ್ ಆರ್ಗನ್ನಿನಲ್ಲಿ ಹೆಚ್ಚಿನವು ಕೊಳವೆಗಳು, ನಮ್ಮ ಜಾತ್ರೆಯ ಪೀಪಿಯ ಹಾಗೆ. ಒಂದು ಕೊಳವೆಗೆ ಒಂದೇ ಸ್ವರ, ಒಂದೇ ಬಣ್ಣ. ಹಾಗಾಗಿ ಸಾವಿರಾರು ಕೊಳವೆ ಬೇಕು. ‘ಸ್ಟಾಪ್’ ಎಂಬ ಗುಂಡಿ ಎಳೆದಾಗ ಒಂದು ಸಾಲು ಕೊಳವೆಗಳು ದನಿಗೂಡುತ್ತವೆ. ಮನೆಯನ್ನು ಜೋರಾಗಿ ಒತ್ತಿದರೆ ಜೋರು ಸದ್ದು ಬರುವುದಿಲ್ಲ. ಸಾಲುಗಳನ್ನು ಸೇರಿಸಬೇಕು, ಇಲ್ಲವೇ ಕಳೆಯಬೇಕು. ಕೈಗೆ ಒಂದಕ್ಕಿಂತ ಹೆಚ್ಚು ಮನೆಸಾಲು, ಕಾಲಿಗೂ ಒಂದು!

ಈಗ ಸ್ವಲ್ಪ ಲೆಕ್ಕ. ತೆರೆದ ಕೊಳವೆ 8 ಅಡಿ ಉದ್ದವಿದ್ದರೆ ಸುಮಾರು 65 ಹರ್ಟ್ಸ್ ನಾದ. 16 ಅಡಿಗೆ ಅದರ ಅರ್ಧ, ಅಂದರೆ ಒಂದು ಸ್ಥಾಯಿ ಕೆಳಗೆ. 32 ಅಡಿಗೆ ಸುಮಾರು 16 ಹರ್ಟ್ಸ್. ಮನುಷ್ಯರ ಕಿವಿಯ ಕೆಳಮಿತಿ ಸುಮಾರು 20. ಅಂದರೆ ಅಲ್ಲಿ ನಾದ ಕೇಳಿಸುವುದಕ್ಕಿಂತ ಹೆಚ್ಚಾಗಿ ಮೈಗೆ ತಾಗುತ್ತದೆ. ಈ ಮಾತು ನೆನಪಿಡಿ, ಆಮೇಲೆ ಬರುತ್ತೇನೆ.

ಪಾಠ 2: ಮುದ್ರಿಸುವುದೇಕೆ ಕಷ್ಟ?

ಆರ್ಗನ್ನನ್ನು ಹೊತ್ತು ತರಲಾಗದು; ಅದು ಕಟ್ಟಡದ ಭಾಗ. ಶ್ರುತಿಯೂ ಅದರದ್ದೇ. ಹಾಲ್ ಬಿಸಿಯಾದರೆ ಕೊಳವೆಗಳ ಶ್ರುತಿ ಏರುತ್ತದೆ, ಪಿಟೀಲಿನವರೇ ಹೊಂದಿಕೊಳ್ಳಬೇಕು. ಆದ್ದರಿಂದ ಒಳ್ಳೆಯ ಆರ್ಗನ್ನೂ ಒಳ್ಳೆಯ ಆರ್ಕೆಸ್ಟ್ರಾವೂ ಒಂದೇ ಸೂರಿನಡಿ ಸಿಗುವುದು ಅಪರೂಪ. ಡೇನಿಯಲ್ ಬ್ಯಾರೆನ್‌ಬಾಯ್ಮ್ 1975ರಲ್ಲಿ ಇದೇ ಕೃತಿಯನ್ನು ಮುದ್ರಿಸಿದಾಗ ಆರ್ಕೆಸ್ಟ್ರಾ ನುಡಿಸಿದ್ದು ಷಿಕಾಗೋದಲ್ಲಿ, ಗ್ಯಾಸ್ಟನ್ ಲಿಟೇಜ್ ಆರ್ಗನ್ ನುಡಿಸಿದ್ದು ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನಲ್ಲಿ! ನಡುವೆ ಅಟ್ಲಾಂಟಿಕ್ ಸಾಗರ. ಎರಡನ್ನೂ ಆಮೇಲೆ ಸೇರಿಸಿದರು. ಅದೂ ಭರ್ಜರಿಯಾಗಿದೆ.

ಬಾಸ್ಟನ್ನಿನಲ್ಲಿ ಆ ಸಮಸ್ಯೆ ಇರಲಿಲ್ಲ. 1900ರಲ್ಲಿ ತೆರೆದ ಈ ಹಾಲ್ ಕಟ್ಟುವಾಗ ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವ್ಯಾಲೇಸ್ ಸ್ಯಾಬಿನ್ ನಾದದ ಲೆಕ್ಕಾಚಾರ ಮಾಡಿಕೊಟ್ಟಿದ್ದರು. ಆರ್ಗನ್ ವೇದಿಕೆಯ ಹಿಂದೆಯೇ ಇದೆ. ಎಲ್ಲರೂ ಒಂದೇ ಗಾಳಿಯಲ್ಲಿ ನುಡಿಸಿದ್ದು ಆ ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ.

ಪಾಠ 3: ಕೇಳುವುದು ಹೇಗೆ?

ಕೃತಿ ಸುಮಾರು 35 ನಿಮಿಷ. ಎರಡು ಭಾಗ, ಒಂದೊಂದರಲ್ಲೂ ಎರಡು ಖಂಡ. ಆರಂಭದಲ್ಲಿ ಪಿಟೀಲುಗಳು ನಡುಗುವ ಒಂದು ಎಳೆ ಹಿಡಿಯುತ್ತವೆ, ಅದನ್ನು ಗುರುತಿಟ್ಟುಕೊಳ್ಳಿ. ಆರ್ಗನ್ ಎಲ್ಲಿ ಎಂದು ಕಾಯುತ್ತೀರಿ. ಒಂಬತ್ತು ಹತ್ತು ನಿಮಿಷವಾದರೂ ಸುಳಿವಿಲ್ಲ!

ಎರಡನೆಯ ಖಂಡದಲ್ಲಿ ಬರುತ್ತದೆ. ಅಬ್ಬರವಿಲ್ಲ. ಶ್ರುತಿಪೆಟ್ಟಿಗೆ ತೆರೆದಷ್ಟು ಮೆತ್ತಗೆ, ಮಂದ್ರದಲ್ಲಿ. ಅದರ ಮೇಲೆ ಪಿಟೀಲುಗಳು ನಿಧಾನವಾಗಿ ಹಾಡುತ್ತವೆ. ದೈತ್ಯ ವಾದ್ಯವೊಂದು ಇಲ್ಲಿ ನೆಲವಾಗಿ ನಿಂತಿದೆ. ಕೊನೆಯ ಖಂಡದಲ್ಲಿ ಇಡೀ ಆರ್ಗನ್ ಒಮ್ಮೆಲೇ ಮೊಳಗುತ್ತದೆ. ಜಾಹೀರಾತು, ಸಿನಿಮಾಗಳಲ್ಲಿ ಬರುವುದು ಆ ತುಣುಕೇ. ಮೊದಲ ನಡುಗುವ ಎಳೆ ಅಲ್ಲಿ ನಡೆ ಬದಲಿಸಿ, ಧೈರ್ಯ ತುಂಬಿಕೊಂಡು ಮರಳುತ್ತದೆ. ಆದರೆ ಮೆತ್ತಗಿನ ಆ ಪ್ರವೇಶಕ್ಕೆ ಕಾಯದವರಿಗೆ ಕೊನೆಯದು ಬರೀ ಗದ್ದಲ.

ಇದು ನನಗೆ ಅರ್ಥವಾದದ್ದು ನಮ್ಮ ತಂದೆಯವರಿಂದ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಊರಿನಲ್ಲಿ ರಾಮೋತ್ಸವದ ಕಛೇರಿ ಒಂದೂ ಬಿಡದವರು, ಇಲ್ಲಿ ನಮ್ಮ ಕೂಟದ ಕಾರ್ಯಕ್ರಮಕ್ಕೂ ಬರಲೊಪ್ಪಲಿಲ್ಲ. “ಕಿವಿ ಹೋಗಿದೆಯಪ್ಪಾ, ಸುಮ್ಮನೆ ತಲೆಯಾಡಿಸೋಕೆ ನಾಚಿಕೆ” ಅಂದರು. ನಾನು ಏನೇನೋ ಹಾಕಿ, ವಾಲ್ಯೂಮ್ ಏರಿಸಿ ಅವರನ್ನು ಇನ್ನಷ್ಟು ನೋಯಿಸಿದೆ. ವಯಸ್ಸಾದಂತೆ ಮೊದಲು ಹೋಗುವುದು ತಾರದ ನಾದಗಳು ಎಂದು ತಿಳಿದದ್ದು ಆಮೇಲೆ.

ಒಂದು ಸಂಜೆ ನಾನು ನನ್ನ ಪಾಡಿಗೆ ಈ ಸಿ.ಡಿ. ಹಾಕಿಕೊಂಡಿದ್ದೆ. ಅಪ್ಪ ವೂಫರ್ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಎರಡನೆಯ ಖಂಡ ಶುರುವಾಯಿತು. ಪೇಪರ್ ಕೆಳಗಿಟ್ಟು, ಪಕ್ಕದ ಮರದ ಟೀಪಾಯಿಯ ಮೇಲೆ ಅಂಗೈ ಇಟ್ಟರು.

“ಏನೋ ಇದು? ಶ್ರುತಿ ಕೈಗೆ ಸಿಗ್ತಾ ಇದೆ!”

ಅವರಿಗೆ ಪಿಟೀಲುಗಳು ಸರಿಯಾಗಿ ಕೇಳಿಸಲಿಲ್ಲ. “ಈಗ ಮೇಲೆ ಏನಾಗ್ತಿದೆ?” ಎಂದು ಕೇಳುತ್ತಿದ್ದರು, ನಾನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದೆ. ಮುಗಿದ ಮೇಲೆ “ಇನ್ನೊಂದ್ಸಲ ಹಾಕು” ಅಂದರು. ಅವರು ಊರಿಗೆ ಮರಳುವವರೆಗೆ ಭಾನುವಾರ ಸಂಜೆ ಅದು ನಮ್ಮಿಬ್ಬರ ಕಛೇರಿಯಾಯಿತು. ಕಿವಿ ಮರಳಿ ಬರಲಿಲ್ಲ, ನಾಚಿಕೆ ಮಾತ್ರ ಸ್ವಲ್ಪ ಕಡಿಮೆಯಾಯಿತು.

ಮನೆಪಾಠ: ಈಗ ಇದೆಲ್ಲ ಫೋನಿನಲ್ಲೇ ಸಿಗುತ್ತದೆ. ಆದರೆ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಮಂದ್ರವೆಲ್ಲ ಮಾಯ! ಒಳ್ಳೆಯ ಹೆಡ್‌ಫೋನ್ ಅಥವಾ ವೂಫರ್ ಇರಲಿ. ಮೆಲ್ಲಗಿದೆಯೆಂದು ವಾಲ್ಯೂಮ್ ಏರಿಸಬೇಡಿ, ಕೊನೆಯಲ್ಲಿ ಅಕ್ಕಪಕ್ಕದವರು ಬಂದಾರು. ಇಷ್ಟವಾದರೆ ಮ್ಯುಂಶ್-ಜಾಮ್ಕೋಚಿಯನ್ ಜೋಡಿ 1960ರಲ್ಲಿ ಮುದ್ರಿಸಿದ ಪೂಲಾಂಕ್ ಅವರ ಆರ್ಗನ್ ಕಾನ್ಚೆರ್ಟೋ ಕೇಳಿ. ಅದರಲ್ಲಿ ಆರ್ಗನ್ ಜೊತೆ ತಂತಿವಾದ್ಯಗಳು ಮತ್ತು ಟಿಂಪನಿ ಮಾತ್ರ.

ಮನೆಯಲ್ಲಿ ಕಿವಿ ಮಂದವಾದ ಹಿರಿಯರಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಹತ್ತಿರ ಒಂದು ಮರದ ಮೇಜಿರಲಿ. ಕೇಳಿ, ನಿಮಗೇನನ್ನಿಸಿತು ಅಂತ ಎರಡು ಸಾಲು ಬರೆಯಿರಿ.


ನಿಮ್ಮ ಕೂಟದ ಸದಸ್ಯ