ವಯಸ್ಕರ ಆಹಾರ ಮತ್ತು ದೈಹಿಕ ಶ್ರಮವನ್ನು ಅಳೆಯುವ ಬಗೆ

ಮನುಷ್ಯನ ಎತ್ತರಕ್ಕೆ ಅಳತೆಪಟ್ಟಿಯುಂಟು, ತೂಕಕ್ಕೆ ತಕ್ಕಡಿಯುಂಟು. ಆದರೆ ಅವನು ದಿನವೊಂದಕ್ಕೆ ಉಂಡುದೆಷ್ಟು, ದುಡಿದುದೆಷ್ಟು ಎಂಬುದನ್ನು ಅರಿಯುವುದು ಹೇಗೆ? ಮಧುಮೇಹ, ರಕ್ತದೊತ್ತಡ, ರಕ್ತಹೀನತೆಗಳ ಮೂಲವನ್ನು ಅರಸುವ ಸಂಶೋಧಕರಿಗೆ ಈ ಎರಡೂ ಲೆಕ್ಕಗಳು ಅವಶ್ಯವಾಗಿವೆ.

ನಮ್ಮ ದೇಶದಲ್ಲಿ ಈ ವಿದ್ಯೆಯ ಬೀಜ 1918ರಲ್ಲಿ ಕುನೂರಿನಲ್ಲಿ ಮೆಕ್ಯಾರಿಸನ್ನರು ಆರಂಭಿಸಿದ ಸಂಶೋಧನೆಯಲ್ಲಿದೆ. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. 1972ರಲ್ಲಿ ಇದರ ಆಶ್ರಯದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪೋಷಣಾ ಪರಿವೀಕ್ಷಣಾ ಬ್ಯೂರೋ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಜನರ ಊಟವನ್ನು ಲೆಕ್ಕ ಹಾಕಿತು. ಅದರ ಒಂದು ಮುಖ್ಯ ಕ್ರಮ 24 ಗಂಟೆಗಳ ಸ್ಮರಣ ವಿಧಾನ.

ಈ ವಿಧಾನದಲ್ಲಿ ಅಡಿಗೆ ಮಾಡಿದ ತಾಯಿಯನ್ನೇ ಮೊದಲು ವಿಚಾರಿಸುತ್ತಾರೆ. ಹಿಂದಿನ ದಿನ ಎಷ್ಟು ಅಕ್ಕಿ ಹಾಕಿದಿರಿ, ಅನ್ನ ಎಷ್ಟಾಯಿತು, ಯಾರು ಎಷ್ಟು ಉಂಡರು ಎಂದು ಗೊತ್ತಾದ ಅಳತೆಯ ಬಟ್ಟಲುಗಳನ್ನು ಮುಂದಿಟ್ಟು ಕೇಳುತ್ತಾರೆ. ಒಂದು ಕಿಲೋ ಅಕ್ಕಿಯ ಅನ್ನ 12 ಬಟ್ಟಲಾಗಿದ್ದು, ಒಬ್ಬನು ಮೂರು ಬಟ್ಟಲು ಉಂಡಿದ್ದರೆ ಅವನ ಪಾಲು 250 ಗ್ರಾಂ ಅಕ್ಕಿ. ಲೆಕ್ಕವೇನೋ ಸುಲಭ, ಉತ್ತರ ಪಡೆಯುವುದು ಕಷ್ಟ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವವಳು ತನ್ನ ಊಟವನ್ನು ಎಂದು ಅಳೆದಾಳು? ಅತ್ತೆಯೋ ಗಂಡನೋ ಪಕ್ಕದಲ್ಲಿ ಕುಳಿತಿದ್ದರಂತೂ ಉತ್ತರ ಇನ್ನಷ್ಟು ಮೊಟಕಾಗುತ್ತದೆ. ಹಬ್ಬದ ದಿನ, ಉಪವಾಸದ ದಿನಗಳ ಲೆಕ್ಕ ನಿತ್ಯದ ಊಟವನ್ನು ತಿಳಿಸಲಾರದು.

ಶ್ರಮದ ಅಳತೆ ಇನ್ನೂ ತೊಡಕಿನದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯು ಸಾಮಾನ್ಯ ವಾರವೊಂದರಲ್ಲಿ ಕೆಲಸ, ಓಡಾಟ, ಬಿಡುವಿನ ವ್ಯಾಯಾಮಗಳಿಗೆ ಎಷ್ಟು ನಿಮಿಷ ಸಲ್ಲುತ್ತವೆ ಎಂದು ಕೇಳುತ್ತದೆ. ಆದರೆ ಖಾನಾಪುರ ತಾಲೂಕಿನ ಜಾಂಬೋಟಿಯ ಕಡೆ ಸಾಮಾನ್ಯ ವಾರವೆಂದರೆ ಯಾವುದು? ಇದು ಮಲಪ್ರಭೆ ಹುಟ್ಟುವ ಕಣಕುಂಬಿಯ ನೆರೆಯ ಮಳೆನಾಡು. ಮಳೆಗಾಲದಲ್ಲಿ ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ದುಡಿವ ಹೆಣ್ಣುಮಗಳ ವಾರವೇ ಬೇರೆ, ಬೇಸಿಗೆಯ ವಾರವೇ ಬೇರೆ. ಅವಳನ್ನು ವ್ಯಾಯಾಮ ಮಾಡುತ್ತೀರಾ ಎಂದು ಕೇಳಿದರೆ ಇಲ್ಲವೆಂದೇ ನಕ್ಕಾಳು. ಅದನ್ನೇ ಬರೆದುಕೊಂಡವನು ಅವಳನ್ನು ಕುಳಿತು ಕಾಲ ಕಳೆಯುವವರ ಸಾಲಿಗೆ ಸೇರಿಸಿಬಿಡುತ್ತಾನೆ!

ಇದರ ಪರಿಣಾಮ ಸಣ್ಣದಲ್ಲ. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಂತೆ, 55 ಕಿಲೋ ತೂಕದ ಸ್ತ್ರೀಗೆ ದಿನಕ್ಕೆ ಲಘು ಶ್ರಮವಿದ್ದರೆ 1,660, ಮಧ್ಯಮ ಶ್ರಮವಿದ್ದರೆ 2,130, ಕಠಿಣ ಶ್ರಮವಿದ್ದರೆ 2,720 ಕಿಲೋಕ್ಯಾಲೊರಿ ಬೇಕು. ನಾಟಿಯ ಕಾಲದಲ್ಲಿ ಒಬ್ಬಳು 1,900 ಕಿಲೋಕ್ಯಾಲೊರಿಯಷ್ಟು ಉಂಡಳೆಂದು ಭಾವಿಸೋಣ. ಶ್ರಮವನ್ನು ಲಘುವೆಂದು ಬರೆದರೆ ಅವಳು ಹೆಚ್ಚು ಉಂಡವಳಾಗುತ್ತಾಳೆ. ಕಠಿಣವೆಂದು ಬರೆದರೆ 820ರಷ್ಟು ಕೊರತೆಯಲ್ಲಿ ದುಡಿಯುತ್ತಿರುವವಳಾಗುತ್ತಾಳೆ. ಊಟ ಅದೇ, ಬದಲಾದುದು ಶ್ರಮದ ಅಂಕಣವೊಂದೇ. ಒಂದು ಬರಹ ಅವಳಿಗೆ ಊಟ ಕಡಿಮೆ ಮಾಡೆಂಬ ಉಪದೇಶ ತಂದೀತು, ಇನ್ನೊಂದು ನೆರವು ತಂದೀತು.

ಭಾರಜಲಜನಕ ಹಾಗೂ ಆಮ್ಲಜನಕ-18 ಬೆರೆತ ನೀರನ್ನು ಕುಡಿಸಿ, ಮುಂದಿನ ದಿನಗಳ ಮೂತ್ರವನ್ನು ಪರೀಕ್ಷಿಸಿ, ದೇಹ ವ್ಯಯಿಸಿದ ಶಕ್ತಿಯನ್ನು ಕಂಡುಹಿಡಿವ ವಿಧಾನವೂ ಇದೆ. ಅದು ಬಹು ನಿಖರ, ಅಷ್ಟೇ ದುಬಾರಿ. ಸೊಂಟಕ್ಕೆ ಕಟ್ಟುವ ಚಲನಮಾಪಕವು ಹೆಜ್ಜೆಗಳನ್ನು ಚೆನ್ನಾಗಿ ಗುರುತಿಸಿದರೂ ತಲೆಯ ಮೇಲಿನ ಹೊರೆಯ ಭಾರವನ್ನು ಅರಿಯದು. ಆದುದರಿಂದ ಊರೂರು ತಿರುಗುವ ಸಂಶೋಧಕನು ಪ್ರಶ್ನೆಗಳನ್ನೇ ಅವಲಂಬಿಸಬೇಕಾಗುತ್ತದೆ. ಜಾಂಬೋಟಿಯಂತಹ ಊರಿನಲ್ಲಿ ಅವನು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಬರಬೇಕು. ಕನ್ನಡ, ಮರಾಠಿ ಎರಡರಲ್ಲೂ ಮನೆಮಾತಿನಂತೆ ಕೇಳಬೇಕು. ವ್ಯಾಯಾಮದ ಮಾತನ್ನು ಬಿಟ್ಟು, ನಿನ್ನೆ ನಸುಕಿನಲ್ಲಿ ಎದ್ದಾಗಿನಿಂದ ಏನೇನು ಮಾಡಿದಿರಿ ತಾಯಿ, ಎಂದು ತೊಡಗಬೇಕು.